ಕಾಲು ಬೇಕಾ, ರಬ್ಬರ್ ಬೇಕಾ

ಹಿತ್ತಲಿನ ಗುಂಡಿಗೆ ರಬ್ಬರ್ ಹಾಸುವ ದಿನ ದೊಡ್ಡ ಸೊಸೆ ಮನೆಯವರೆಲ್ಲರ ಚಪ್ಪಲಿ ಬಿಡಿಸಿದ್ದಳು. ಗಂಡನ ಕೈಗಡಿಯಾರ, ಮೈದುನನ ಬೆಲ್ಟು, ತನ್ನ ಕಿವಿಯೋಲೆ, ಎಲ್ಲವೂ ಅಡುಗೆಮನೆಯ ಕಿಟಕಿ ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದವು.

"ಸೂಜಿಮೊನೆಯಷ್ಟು ತೂತು ಸಾಕು. ಕೊಳ ಅಂತ ಕಟ್ಟಿದ್ದು ಬೆಳಗಾಗೋದ್ರಲ್ಲಿ ಕೆಸರುಗುಂಡಿ ಆಗುತ್ತೆ" ಎಂದಿದ್ದಳು.

ಅವಳ ಮಾತಿಗೆ ಎದುರಾಡುವವರಿರಲಿಲ್ಲ. ಬಸ್ಸುಗಳ ಸೀಟಿಗೆ ಹೊದಿಕೆ ಹೊಲಿಯುವ ಕಾರ್ಖಾನೆಯಲ್ಲಿ ಅವಳ ಕೆಲಸ. ರೆಕ್ಸಿನ್ನು, ರಬ್ಬರು, ಕ್ಯಾನ್ವಾಸು ಎಲ್ಲಿ ಜಗ್ಗುತ್ತವೆ, ಎಲ್ಲಿ ಹರಿಯುತ್ತವೆ ಎಂಬುದು ಅವಳ ಬೆರಳಿಗೆ ಗೊತ್ತು. ಕೆಲಸ ಅಚ್ಚುಕಟ್ಟು, ನಾಲಿಗೆ ಚೂಪು. ಅದಕ್ಕೇ ಅತ್ತೆ ಅವಳನ್ನು ಬೆನ್ನ ಹಿಂದೆ 'ಸೂಜಿ' ಎನ್ನುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು.

ಕೊಳದ ಯೋಚನೆ ಅತ್ತೆಯದೇ. ಹಿತ್ತಲಿನ ಹಳೆಯ ಮರ ಒಣಗಿ ಬಿದ್ದ ಮೇಲೆ ಅದರ ಬುಡವನ್ನು ಅಗೆಸಿ ತೆಗೆಸಿದ್ದರು. ಎದೆಮಟ್ಟದ ಗುಂಡಿ ಹಾಗೇ ಉಳಿದಿತ್ತು. ಸೊಂಟ ಮುರಿದುಕೊಂಡಂದಿನಿಂದ ಹಿಂಬಾಗಿಲ ಪಕ್ಕದ ಕಿಟಕಿಯೇ ಅತ್ತೆಯ ಲೋಕ. "ದಿನಾ ಬೆಳಗೆದ್ದು ಗುಂಡಿ ನೋಡ್ಕೊಂಡು ಕೂರ್ಬೇಕಾ ನಾನು? ಗುಂಡಿಗೂ ನನಗೂ ಏನೋ ಸಂಬಂಧ ಇದೆ ಅಂತ ಅನ್ನಿಸೋಕೆ ಶುರುವಾಗಿದೆ. ನೀರಾದ್ರೂ ತುಂಬಿಸ್ರಪ್ಪ" ಎಂದು ಗಂಡುಮಕ್ಕಳಿಗೆ ಹೇಳಿದ್ದರು.

ಗಂಡುಮಕ್ಕಳು ಹೂಂಗುಟ್ಟಿ ಮರೆತರು. ದೊಡ್ಡ ಸೊಸೆ ಮರೆಯಲಿಲ್ಲ. ಸಂಜೆ ಕೆಲಸದಿಂದ ಬಂದವಳೇ ಗುಂಡಿಗೆ ಇಳಿಯುತ್ತಿದ್ದಳು. ಗುಂಡಿಯ ಮೈಯನ್ನು ಅಂಗೈಯಿಂದ ಸವರಿ ಕಲ್ಲು, ಗಾಜಿನ ಚೂರು, ಮೊಳೆಗಳನ್ನು ಆರಿಸಿ ಬಕೆಟ್ಟಿಗೆ ಹಾಕಿದಳು. ಕತ್ತರಿಸಿದ ಬೇರಿನ ತುದಿಗಳು ಈಟಿಯ ಹಾಗೆ ಹೊರಗೆ ಚಾಚಿಕೊಂಡಿದ್ದವು. ಒಂದೊಂದನ್ನೂ ಒಳಕ್ಕೆ ಕೊರೆದು ತೆಗೆದು ಮಣ್ಣು ಮೆತ್ತಿದಳು. ಅದರ ಮೇಲೆ ಜರಡಿ ಹಿಡಿದ ಮರಳು. ಮರಳಿನ ಮೇಲೆ, ಕಾರ್ಖಾನೆಯಲ್ಲಿ ಬಿಸಾಡುವ, ಕಂಬಳಿಯಂಥ ಫೆಲ್ಟಿನ ತುಂಡುಗಳನ್ನೆಲ್ಲ ಸೇರಿಸಿ ಹೊಲಿದ ದಪ್ಪ ಹಾಸು. ಆಮೇಲೆ ರಬ್ಬರ್. ಹಸುಗೂಸಿಗೆ ಹಾಸಿಗೆ ಹಾಸಿದ ಹಾಗೆ ಹಾಸಿದಳು.

ಕಪ್ಪು ರಬ್ಬರಿನ ಆ ಭಾರದ ಹಾಳೆಯನ್ನು ನಾಲ್ಕು ಮೂಲೆ ಹಿಡಿದು ಎಳೆಯಲು ನಾಲ್ಕು ಜನ ಬೇಕಿತ್ತು. ಹಿಡಿದದ್ದು ಮೂವರು. ನಾಲ್ಕನೆಯವಳು ಮಹಡಿಯ ಮೇಲೆ ಕಿಟಕಿ ಪರದೆ ಎಳೆದುಕೊಂಡು ಮಲಗಿದ್ದಳು.

ನಾಲ್ಕನೆಯವಳೆಂದರೆ ಮೈದುನನ ಹೆಂಡತಿ, ಆ ಮನೆಯ ಚಿಕ್ಕ ಸೊಸೆ. ಆಂಬುಲೆನ್ಸ್ ಓಡಿಸುತ್ತಿದ್ದಳು. ರಾತ್ರಿಪಾಳಿ ಹೆಚ್ಚು. ದನಿಯೂ ದೊಡ್ಡದು. ಮನೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು 'ಸೈರನ್' ಎಂದೇ. ಎಲ್ಲರೂ ಎಂದರೆ, ಓರಗಿತ್ತಿಯೊಬ್ಬಳನ್ನು ಬಿಟ್ಟು. ಅವರಿಬ್ಬರ ನಡುವೆ ಮಾತು ನಿಂತು ತಿಂಗಳುಗಳಾಗಿದ್ದವು.

ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದ ದಿನ ಶುರುವಾದದ್ದು ಅದು. ಅಂದು ಬೆಳಿಗ್ಗೆ ಸೈರನ್ ಪಾಳಿ ಮುಗಿಸಿ ಬಂದು ಆಗಷ್ಟೇ ಮಲಗಿದ್ದಳು. ದೊಡ್ಡವಳು ಅವಳನ್ನು ಎಬ್ಬಿಸದೆ ಬಾಡಿಗೆ ಕಾರು ಕರೆಸಿ, ಅತ್ತೆಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದಳು. ಮಧ್ಯಾಹ್ನ ಎದ್ದ ಸೈರನ್‌ಗೆ ಮನೆ ಖಾಲಿ ಕಂಡಿತು.

"ಸೊಂಟ ಮುರಿದವರನ್ನ ಯಾರಾದ್ರೂ ಕಾರಲ್ಲಿ ಕೂರಿಸ್ತಾರಾ? ಅದೇ ಕೆಲಸ ಮಾಡೋಳು ತಲೆ ಮೇಲೇ ಮಲಗಿದ್ದೆ. ಒಂದು ಸಲ ಕೂಗಿದ್ರೆ ನಿನ್ನ ಬಾಯಿ ಸವೀತಿತ್ತಾ ಅಕ್ಕ?"

"ರಾತ್ರಿಯೆಲ್ಲ ಎದ್ದಿದ್ದೋಳು, ಮಲಗ್ಲಿ ಅಂದ್ಕೊಂಡೆ."

"ಊರವರೆಲ್ಲ ನನ್ನನ್ನ ಕೂಗ್ತಾರೆ. ಮನೆಯವರಿಗೆ ಮಾತ್ರ ನಾನು ಬೇಡ."

ದೊಡ್ಡವಳಿಗೂ ಅಂದು ತಲೆ ಕೆಟ್ಟಿತ್ತು. "ಹೌದು ಬಿಡು, ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದುಬಿಟ್ಟಳು. ಬಾಯಿಂದ ಜಾರಿದ ಮೇಲೆ ನಾಲಿಗೆ ಕಚ್ಚಿಕೊಂಡಳು, ಆದರೆ ವಾಪಸು ತೆಗೆದುಕೊಳ್ಳಲಿಲ್ಲ. ಅಂದಿನಿಂದ ಹೇಳಬೇಕಾದದ್ದೆಲ್ಲ ಅತ್ತೆಯ ಮೂಲಕ. 'ಹಾಲು ಒಲೆ ಮೇಲಿದೆ ಅಂತ ಹೇಳಿ', 'ಬಟ್ಟೆ ಒಣಗಿದೆ ಅಂತ ಹೇಳಿ'. "ನಾನೇನು ಪೋಸ್ಟ್‌ಮ್ಯಾನಾ?" ಎಂದು ಅತ್ತೆ ಗೊಣಗುತ್ತಿದ್ದರು, ಆದರೂ ಒಂದು ಮಾತನ್ನೂ ಬಿಡದೆ ತಲುಪಿಸುತ್ತಿದ್ದರು.

ರಬ್ಬರ್ ಹಾಸಿದ ಮರುದಿನ ಅತ್ತೆ ಹಾಗೇ ಒಂದು ಮಾತು ತಲುಪಿಸಿದರು. ಕೊಳದ ಅಂಚಿಗೆ ಜೋಡಿಸಲು ಚಪ್ಪಡಿ ಕಲ್ಲುಗಳು ಬಂದಿದ್ದವು. ಅಂಚಿನ ರಬ್ಬರಿಗೆ ಬಿಸಿಲು ತಾಗಿದರೆ ಅದು ಬಿರಿಯುತ್ತದೆ, ಮೇಲೆ ಕಲ್ಲು ಮುಚ್ಚಲೇಬೇಕು. ಅಣ್ಣ ತಮ್ಮ ಇಬ್ಬರೂ ಸೇರಿ ಹೊತ್ತು ತಂದು ಗುಂಡಿಯ ಬಾಯಿಗೇ ಒಂದರ ಮೇಲೊಂದು ಪೇರಿಸಿ ಕೈ ತೊಳೆದುಕೊಂಡರು.

"ಚಿಕ್ಕವಳು ಹೇಳ್ತಿದ್ಲು, ಅಷ್ಟು ಹತ್ರ ಪೇರಿಸಬಾರದಂತೆ. ಮಣ್ಣು ಕುಸಿಯುತ್ತಂತೆ."

"ಮಣ್ಣು ಗಟ್ಟಿಯಾಗೇ ಇದೆ ಅಂತ ಹೇಳಿ" ಎಂದಳು ದೊಡ್ಡವಳು. ಗಂಡ ಹೇಳಿದ್ದರೆ ಅವತ್ತೇ ಸರಿಸುತ್ತಿದ್ದಳು.

ನೀರು ಬಿಡುವ ದಿನ ಅವಳು ರಜೆ ಹಾಕಿದಳು. ಗಂಡ, ಮೈದುನ ಇಬ್ಬರೂ ಕೆಲಸಕ್ಕೆ ಹೋಗಿದ್ದರು. ಹಿತ್ತಲಿನ ಕೊನೆಯ ತಗಡಿನ ಗೂಡಿನಲ್ಲಿ ಬಾವಿಯ ಮೋಟಾರಿನ ಸ್ವಿಚ್ಚು ಹಾಕಿ, ದಪ್ಪ ಪೈಪಿನ ಬಾಯಿಯನ್ನು ಗುಂಡಿಯ ಆಚೆ ದಡದಲ್ಲಿ ಮಡಿಸಿದ ಗೋಣಿಯ ಮೇಲಿಟ್ಟು ಕಟ್ಟಿದಳು. ನೀರಿನ ರಭಸ ನೇರ ರಬ್ಬರಿಗೆ ಬಡಿಯಬಾರದು. ಬರಿಗಾಲಲ್ಲಿ ಇಳಿದಳು. ನೀರು ಏರುತ್ತಾ ಹೋದ ಹಾಗೆ ರಬ್ಬರನ್ನು ಗುಂಡಿಯ ಮೈಗೆ ಒತ್ತುತ್ತದೆ. ಆ ಹೊತ್ತಿನಲ್ಲೇ ಸುಕ್ಕುಗಳನ್ನು ಸವರಿ ಬಿಡಿಸಬೇಕು, ಆಮೇಲೆ ಆಗುವುದಿಲ್ಲ. ನೀರು ಮೊಣಕಾಲಿಗೆ ಬಂತು, ತೊಡೆಗೆ ಬಂತು. ಅವಳು ಬಗ್ಗಿ ಬಗ್ಗಿ ಸುಕ್ಕು ತೀಡುತ್ತಿದ್ದಳು.

ಪೈಪಿನ ಒಂದು ಜೋಡಣೆ ಸಡಿಲಾಗಿ ಸೋರುತ್ತಿದ್ದದ್ದು ಅವಳಿಗೆ ಕಾಣಲಿಲ್ಲ. ಆ ನೀರು ಚಪ್ಪಡಿಗಳ ಬುಡಕ್ಕೆ ಹರಿದು, ಮಣ್ಣಿಗಿಳಿದು, ರಬ್ಬರಿನ ಹಿಂದೆ ಅದನ್ನು ನೆನೆಸುತ್ತಿತ್ತು.

ಮೊದಲು ರಬ್ಬರ್ ಉಬ್ಬಿದ ಹಾಗಾಯಿತು. ಸುಕ್ಕೇ ಇರಬೇಕೆಂದು ಅವಳು ಅಂಗೈ ಇಟ್ಟಳು. ಅಂಗೈಯ ಕೆಳಗೆ ಏನೋ ಮೆಲ್ಲಗೆ ಸರಿಯಿತು. ತಲೆ ಎತ್ತುವಷ್ಟರಲ್ಲಿ ದಡ ಕುಸಿದು, ಮೇಲಿನ ಚಪ್ಪಡಿ ರಬ್ಬರಿನ ಮೇಲೆ ಜಾರುಬಂಡೆಯಲ್ಲಿ ಜಾರಿದ ಹಾಗೆ ಸದ್ದಿಲ್ಲದೆ ಇಳಿದು ಬಂತು. ಅವಳು ಹಿಂದಕ್ಕೆ ಬಿದ್ದಳು. ಬಲಗಾಲಿನೊಳಗೆ ಏನೋ ಲಟಕ್ಕೆಂದಿತು.

ಉಸಿರು ಬಂದಾಗ ಅವಳು ನೀರೊಳಗೆ ಕೂತಿದ್ದಳು, ಬೆನ್ನು ಎದುರು ದಡಕ್ಕೆ ಆನಿತ್ತು. ನೀರು ಪಕ್ಕೆಲುಬಿಗೆ ಬಂದಿತ್ತು. ಕಲ್ಲು ಮೊಣಕಾಲಿನ ಕೆಳಗೆ ಕಾಲಿನ ಮೇಲೆ ಮಲಗಿತ್ತು. ಎಳೆದಳು, ಕಣ್ಣಿಗೆ ಕತ್ತಲೆ ಕವಿಯಿತು. ಮುಂದೆ ಬಾಗಿ ಎರಡೂ ಕೈಯಿಂದ ಎತ್ತಿದಳು, ಅದು ಕೂದಲೆಳೆಯಷ್ಟೂ ಅಲುಗಲಿಲ್ಲ. ಮೇಲೆ ನೋಡಿದಳು. ಇನ್ನೂ ಎರಡು ಚಪ್ಪಡಿಗಳು ಕುಸಿದ ದಡದ ಮೇಲೆ ಓರೆಯಾಗಿ ನಿಂತಿದ್ದವು. ಅವು ಜಾರಿದರೆ ಬರುವುದು ತನ್ನ ಎದೆಗೇ.

ಪೈಪು ಸುರಿಯುತ್ತಲೇ ಇತ್ತು.

"ಅತ್ತೇ" ಎಂದು ಕೂಗಿದಳು. "ಅತ್ತೇ, ಮೋಟಾರ್ ಆರ್ಸಬೇಕು."

ಮನೆಯೊಳಗೆ ಟಿವಿಯ ಸದ್ದು. ಮತ್ತೆ ಮತ್ತೆ ಕೂಗಿದ ಮೇಲೆ ಕಿಟಕಿಯಲ್ಲಿ ಅತ್ತೆಯ ಮುಖ ಕಂಡಿತು. "ಊಟಾನಾ? ಈಗಿನ್ನೂ ತಿಂಡಿ ತಿಂದಿದೀನಿ ಕಣೇ. ಅದೇನು, ಅಲ್ಲೇ ಸ್ನಾನಕ್ಕೆ ಕೂತ್ಬಿಟ್ಯಾ?"

"ಕಾಲು ಸಿಕ್ಕಾಕ್ಕೊಂಡಿದೆ ಅತ್ತೆ. ಕಲ್ಲು ಬಿದ್ದಿದೆ. ನೀರು ಏರ್ತಿದೆ."

ಮುಖ ಕಿಟಕಿಯಿಂದ ಮಾಯವಾಯಿತು. ವಾಕರ್ ನೆಲಕ್ಕೆ ಬಡಿಯುವ ಸದ್ದು. ಹಿಂಬಾಗಿಲು ತೆರೆದು ಅತ್ತೆ ಹೊಸಿಲಲ್ಲಿ ನಿಂತರು. ಕೆಳಗೆ ಮೂರು ಮೆಟ್ಟಿಲು. ಬಿದ್ದ ದಿನದಿಂದ ಅವರು ಒಬ್ಬರೇ ಆ ಮೆಟ್ಟಿಲು ಇಳಿದಿರಲಿಲ್ಲ. ವಾಕರನ್ನು ಒಂದು ಮೆಟ್ಟಿಲು ಕೆಳಗಿಟ್ಟರು, ಅದು ವಾಲಿತು.

"ಇಳೀಬೇಡಿ ಅತ್ತೆ. ನೀವು ಬಿದ್ರೆ ಇಬ್ಬರೂ ಹೋಗ್ತೀವಿ."

"ಮೇನ್ ಸ್ವಿಚ್ಚು?"

"ಅದು ನಿಮಗೆ ಎಟಕಲ್ಲ."

"ಚಿಕ್ಕವಳನ್ನ ಎಬ್ಬಿಸ್ತೀನಿ. ಮಲಗಿದಾಳೆ ಮೇಲೆ."

ನೀರು ಎದೆಗೆ ಬಂದಿತ್ತು. ಆದರೂ ದೊಡ್ಡವಳ ಬಾಯಿಂದ ಬಂದದ್ದು, "ಬೇಡ, ಎಬ್ಬಿಸ್ಬೇಡಿ. ರಾತ್ರಿಪಾಳಿ ಮುಗಿಸಿ ಬಂದಿದಾಳೆ. ನಾನೇ ಬಿಡಿಸ್ಕೋತೀನಿ."

"ಹುಚ್ಚು ಹಿಡಿದಿದೆಯಾ ನಿನಗೆ?"

ಅವಳು ನೀರಿಗೆ ಮುಖ ಮುಳುಗಿಸಿ ಮತ್ತೆ ಕಲ್ಲಿಗೆ ಕೈ ಹಾಕಿದಳು. ಬೆರಳಿನ ಉಗುರು ಸೀಳಿತು. ಕೂಗಿದರೆ ಅವಳು ಬರದೇ ಹೋದರೆ? ಕೂಗಿದ್ದು ಕೇಳಿಯೂ ಮಗ್ಗುಲು ಬದಲಾಯಿಸಿ ಮಲಗಿದರೆ? ನೀರಿಗಿಂತ ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. ತಲೆ ಎತ್ತಿ ಉಸಿರೆಳೆದಳು. ನೀರು ಕೊರಳ ಬುಡಕ್ಕೆ ತಾಗಿತು.

ಮೇಲಿನ ಚಪ್ಪಡಿ ಒಂದು ಬೆರಳಿನಷ್ಟು ಜಾರಿ ನಿಂತಿತು. ಮಣ್ಣಿನ ಹೆಂಟೆಯೊಂದು ಉರುಳಿ ನೀರಿಗೆ ಬಿತ್ತು.

ಆಗ ಅವಳು ಕೂಗಿದಳು. ಸೈರನ್ ಎಂದಲ್ಲ, ಮದುವೆಯಾಗಿ ಬಂದ ಹೊಸದರಲ್ಲಿ ಕೂಗುತ್ತಿದ್ದ ಹಾಗೆ ಹೆಸರು ಹಿಡಿದು. ಇನ್ನೊಂದು ಸಲ ಕೂಗಲು ಬಾಯಿ ತೆರೆಯುವ ಮೊದಲೇ ಮಹಡಿಯ ಬಾಗಿಲು ತೆರೆಯಿತು. ಹೊರಗಿನ ಕಬ್ಬಿಣದ ಮೆಟ್ಟಿಲು ದಡದಡ ಸದ್ದು ಮಾಡಿತು. ಸೈರನ್ ಮಲಗುವ ಬಟ್ಟೆಯಲ್ಲೇ ಇದ್ದಳು, ಆದರೆ ಕಾಲಲ್ಲಿ ಡ್ಯೂಟಿಯ ದಪ್ಪ ಬೂಟು.

ಗುಂಡಿಯ ಬಳಿ ಅವಳು ಒಂದು ಕ್ಷಣ ನಿಂತಳು. ಕಲ್ಲು ನೋಡಿದಳು, ದಡ ನೋಡಿದಳು, ಓರೆಯಾದ ಚಪ್ಪಡಿಗಳನ್ನು ನೋಡಿದಳು. ನೀರಿಗೆ ಹಾರಲಿಲ್ಲ. ತಗಡಿನ ಗೂಡಿಗೆ ಓಡಿ ಮೋಟಾರು ಆರಿಸಿದಳು. ಮರಳಿ ಬರುವಾಗ ಕೈಯಲ್ಲಿ ಕಬ್ಬಿಣದ ಹಾರೆ ಇತ್ತು. ಅಂಚಿಗೆ ಕಾಲಿಟ್ಟಳು.

ದೊಡ್ಡವಳ ಗದ್ದ ನೀರಿಗೆ ತಾಗಿತ್ತು. ತಿಂಗಳುಗಳ ಮೇಲೆ ಓರಗಿತ್ತಿಯ ಮುಖ ನೋಡಿ ಅವಳು ಆಡಿದ ಮೊದಲ ಮಾತು, "ಬೂಟು ಬಿಚ್ಚು. ರಬ್ಬರ್ ಹರಿಯುತ್ತೆ."

"ಬಾಯಿ ಮುಚ್ಕೊಂಡಿರು ಅಕ್ಕ, ನೀರು ಹೋಗುತ್ತೆ" ಎಂದು ಸೈರನ್ ಬೂಟುಗಾಲಲ್ಲೇ ಇಳಿದಳು. ಜಾರಿದಳು, ಹಾರೆ ಊರಿ ನಿಂತಳು. ನೀರಿನಡಿ ಕೈಯಾಡಿಸಿ ಕಲ್ಲಿನ ಅಂಚು ಹುಡುಕಿದಳು. "ಬೆರಳು ಆಡಿಸು. ಆಡ್ತಿದೆಯಾ?"

"ಆಡ್ತಿದೆ. ಹಾರೆ ಹಾಗೇ ಹಾಕ್ಬೇಡ. ಅಲ್ಲಿ ಫೆಲ್ಟಿನ ತುಂಡು ಮಿಕ್ಕಿದೆ ನೋಡು, ಅದನ್ನ ಕೆಳಗೆ ಹಾಕಿ..."

"ಕಾಲು ಬೇಕಾ, ರಬ್ಬರ್ ಬೇಕಾ?"

"ಎರಡೂ."

ಸೈರನ್ ಹಾರೆಯ ಮೊನೆಯನ್ನು ಕಲ್ಲಿನಡಿಗೆ ತುರುಕಿದಳು. ಮೊನೆ ಒಮ್ಮೆ ತಡೆದು ಆಮೇಲೆ ಮೆತ್ತಗೆ ಒಳಗೆ ಇಳಿದದ್ದು ಇಬ್ಬರಿಗೂ ತಿಳಿಯಿತು. ರಬ್ಬರ್ ಹೋಯಿತು. ದೊಡ್ಡವಳು ಕಣ್ಣು ಮುಚ್ಚಿದಳು.

"ಒಂದೇ ಸಲ ಎತ್ತೋದು. ಎಳಿ ಅಂದ ತಕ್ಷಣ ಕಾಲು ಎಳ್ಕೋ. ನೋವಾದ್ರೂ ನಿಲ್ಲಿಸ್ಬೇಡ. ಹೂಂ, ಎಳಿ."

ಹಾರೆ ಎತ್ತುವಾಗ ಸೈರನ್‌ಳ ಕತ್ತಿನ ನರಗಳು ಉಬ್ಬಿದವು. ದೊಡ್ಡವಳು ಎಳೆದುಕೊಂಡಳು. ಕಾಲು ಬಂತು, ಜೊತೆಗೆ ಎಂದೂ ಕೂಗದ ಕೂಗೊಂದು ಅವಳ ಗಂಟಲಿಂದ ಬಂತು. ಸೈರನ್ ಹಾರೆ ಬಿಟ್ಟು ಅವಳ ಕಂಕುಳಿಗೆ ಕೈ ಹಾಕಿ ಪಕ್ಕಕ್ಕೆ ಎಳೆದಳು. ಆ ಕುಲುಕಿಗೆ ಓರೆಯಾಗಿದ್ದ ಚಪ್ಪಡಿಗಳೆರಡೂ ಜಾರಿ, ಅವಳು ಕೂತಿದ್ದ ಜಾಗಕ್ಕೆ ಧುಮುಕಿದವು. ಇಬ್ಬರ ಮುಖಕ್ಕೂ ನೀರು ರಾಚಿತು.

ಇನ್ನು ಮೇಲೆ ಹತ್ತಬೇಕಿತ್ತು. ಒದ್ದೆ ರಬ್ಬರ್ ಎಣ್ಣೆ ಸವರಿದ ಹಾಗೆ ಜಾರುತ್ತಿತ್ತು. ಸೈರನ್ ಎರಡು ಹೆಜ್ಜೆ ಹತ್ತಿ ಓರಗಿತ್ತಿಯ ಭಾರಕ್ಕೆ ಮತ್ತೆ ಕೆಳಗೆ ಬಂದಳು. ಎರಡನೆಯ ಸಲವೂ ಹಾಗೇ.

"ಇದನ್ನ ಹಿಡ್ಕೊಳ್ರೇ" ಎಂದಿತು ಮೇಲಿನಿಂದ ಒಂದು ದನಿ.

ಅತ್ತೆ. ಮೂರು ಮೆಟ್ಟಿಲನ್ನೂ ಕೂತು ಕೂತೇ ಇಳಿದು ಬಂದಿದ್ದರು. ಸೀರೆಯೆಲ್ಲ ಮಣ್ಣು. ಗಟ್ಟಿ ದಡದ ಕಡೆ ಕಾಲು ಚಾಚಿ ಕೂತು, ವಾಕರನ್ನು ಗುಂಡಿಯೊಳಕ್ಕೆ ಇಳಿಬಿಟ್ಟಿದ್ದರು.

"ಇದರ ಕಾಲಿಗೆ ರಬ್ಬರ್ ಟೋಪಿ ಇದೆ ಕಣೇ, ತೂತಾಗಲ್ಲ" ಎಂದರು ದೊಡ್ಡ ಸೊಸೆಗೆ.

ವಾಕರ್ ಹಿಡಿದು ಇಬ್ಬರೂ ಹತ್ತಿ ಬಂದ ಮೇಲೆ ಮೂವರೂ ದಡದಲ್ಲಿ ಒಬ್ಬರಿಗೊಬ್ಬರು ಆತುಕೊಂಡು ಬಿದ್ದರು. ಸೈರನ್ ಮೊದಲು ಎದ್ದಳು. ಓಲೆ, ಗಡಿಯಾರಗಳನ್ನಿಡುವ ಕಿಟಕಿ ಕಟ್ಟೆಯಿಂದ ದೊಡ್ಡವಳ ಫೋನು ತಂದು ತನ್ನ ಆಂಬುಲೆನ್ಸ್ ಕಚೇರಿಗೇ ಕರೆ ಮಾಡಿದಳು.

ಸಹೋದ್ಯೋಗಿಯೊಬ್ಬ ಗಾಡಿ ಓಡಿಸಿದ. ಹಿಂದೆ ಓರಗಿತ್ತಿಯರಿಬ್ಬರೇ. ದೊಡ್ಡವಳ ಕಾಲಿಗೆ ಹಲಗೆ ಕಟ್ಟಿತ್ತು. ಮಲಗಿದಲ್ಲಿಂದ ಅವಳಿಗೆ ಕಾಣುತ್ತಿದ್ದದ್ದು ಗಾಡಿಯ ಸೂರು ಮತ್ತು ಎದುರು ಸೀಟಿನಲ್ಲಿ ಕೂತವಳ ಒದ್ದೆ ಬೂಟುಗಳು. ತುಂಬ ಹೊತ್ತು ಅವನ್ನೇ ನೋಡಿದಳು. ಹೊಲಿಗೆಯವಳ ಕಣ್ಣು.

"ಲೇಸ್ ಕಟ್ಟಿದೆ" ಎಂದಳು.

"ಏನು?"

"ಬೂಟಿನ ಲೇಸು. ಎರಡು ಗಂಟು ಹಾಕಿ ಕಟ್ಟಿದೆ. ನಾನು ಕೂಗಿದ ತಕ್ಷಣ ಬಾಗಿಲು ತೆಗೆದೆ ನೀನು. ಯಾವಾಗ ಕಟ್ಕೊಂಡೆ?"

ಸೈರನ್ ಕಿಟಕಿಯ ಕಡೆ ನೋಡಿದಳು. ಗಾಡಿ ತಿರುವಿನಲ್ಲಿ ವಾಲಿತು, ಅವಳ ಕೈ ತಾನಾಗಿಯೇ ಚಾಚಿ ಓರಗಿತ್ತಿಯ ಭುಜ ಹಿಡಿಯಿತು, ತಿರುವು ಮುಗಿದ ಮೇಲೆ ಬಿಟ್ಟಿತು.

"ನೀನು ಅತ್ತೇನ ಮೊದಲನೇ ಸಲ ಕೂಗಿದಾಗಲೇ ಎಚ್ಚರ ಆಯ್ತು. ಬೂಟು ಹಾಕ್ಕೊಂಡು ಬಾಗಿಲ ಹತ್ರ ಬಂದೆ. ಆಗ ನೀನು 'ಎಬ್ಬಿಸ್ಬೇಡಿ' ಅಂದೆ. ಅಲ್ಲೇ ನಿಂತ್ಬಿಟ್ಟೆ."

"ಬಾಗಿಲ ಹಿಂದೆ?"

"ಹೂಂ. ಚಿಲಕದ ಮೇಲೆ ಕೈಯಿಟ್ಕೊಂಡು. ಕಲ್ಲು ಬಿದ್ದಿದೆ ಅಂತ ಕೇಳಿಸಿತ್ತು. ನೀರು ಅಷ್ಟು ಏರಿದೆ ಅಂತ ಗೊತ್ತಿರ್ಲಿಲ್ಲ. ಗೊತ್ತಿದ್ರೂ..." ಅವಳು ನಿಲ್ಲಿಸಿದಳು. "ನನ್ನನ್ನ ಕೂಗ್ಲಿ ಅಂತ ಕಾಯ್ತಿದ್ದೆ."

ಕೊರಳಿಗೆ ನೀರು ತಾಗಿದ್ದು, ಚಪ್ಪಡಿ ಜಾರಿ ನಿಂತದ್ದು, ಇದೆಲ್ಲ ನಡೆಯುವಾಗ ಮಹಡಿಯಲ್ಲಿ ಒಂದು ಕೈ ಚಿಲಕದ ಮೇಲಿತ್ತು. ದೊಡ್ಡವಳು ಮುಖವನ್ನು ಆಚೆ ತಿರುಗಿಸಿಕೊಂಡಳು. ಆಸ್ಪತ್ರೆ ಬರುವವರೆಗೂ ತಿರುಗಿಸಿಕೊಂಡೇ ಇದ್ದಳು.

ಕಾಲಿನ ಎಲುಬು ಮುರಿದಿತ್ತು. ಪ್ಲಾಸ್ಟರ್ ಹಾಕಿ ಮನೆಗೆ ಕಳಿಸಿದರು. ಆಮೇಲಿನ ದಿನಗಳು ಇಬ್ಬರಿಗೂ ಕಷ್ಟವಾದವು. ಬಂದವರೆಲ್ಲ ಸೈರನ್‌ಳನ್ನು ಹೊಗಳುವವರೇ. "ಇವಳಿಲ್ಲದಿದ್ರೆ ನಿನ್ನ ಗತಿ ಏನಾಗ್ತಿತ್ತು" ಎಂದು ಗಂಡ ದಿನಕ್ಕೊಂದು ಸಲ ಹೇಳುತ್ತಿದ್ದ. ಅದನ್ನು ಕೇಳಿ ಸೈರನ್ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ. ದೊಡ್ಡವಳು ಏನೂ ಹೇಳುತ್ತಿರಲಿಲ್ಲ. ಒಂದು ಮಾತು ಹೇಳಿದರೆ ಆ ಮನೆ ಎರಡು ಹೋಳಾಗುತ್ತಿತ್ತು. ಆ ಮಾತು ಅವಳ ನಾಲಿಗೆಯ ತುದಿಯಲ್ಲೇ ಇತ್ತು, ಅದು ಇಬ್ಬರಿಗೂ ಗೊತ್ತಿತ್ತು.

ಒಂದು ಮಧ್ಯಾಹ್ನ ಸೈರನ್ ಕೋಣೆಯ ಬಾಗಿಲಲ್ಲಿ ಬಂದು ನಿಂತಳು. "ಹೇಳ್ಬಿಡು ಅಕ್ಕ. ಎಲ್ಲರ ಮುಂದೆ ಹೇಳ್ಬಿಡು. ಈ ಹೊಗಳಿಕೆ ಕೇಳಿ ಕೇಳಿ ಊಟ ಇಳೀತಿಲ್ಲ."

ದೊಡ್ಡವಳು ದಿಂಬು ಸರಿಪಡಿಸಿಕೊಂಡಳು. "ಹೇಳೋಣ ಅಂತ ದಿನಾ ಅಂದ್ಕೋತೀನಿ. ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಬಾಯಿಗೇ ಬಂದಿತ್ತು."

"ಮತ್ತೆ?"

"ಅರ್ಧ ಹೇಳಿದ್ರೆ ಇನ್ನರ್ಧನೂ ಹೇಳ್ಬೇಕಾಗುತ್ತೆ. ನೀರು ಎದೆಗೆ ಬಂದಾಗಲೂ ಎಬ್ಬಿಸ್ಬೇಡಿ ಅಂದೋಳು ನಾನೇ. ನಿನ್ನ ನಿದ್ದೆ ಮೇಲಿನ ಕನಿಕರಕ್ಕಲ್ಲ. ಕೂಗಿದ್ರೂ ನೀನು ಬರಲ್ಲ ಅಂತ ಹೆದರಿಕೆ ಇತ್ತು."

"ಬಂದೆನಲ್ಲ."

"ಬಂದೆ. ಆದ್ರೆ ನಿಂತಿದ್ದೆ. ಅದು ನನಗೆ ಬೇಗ ಮರೆತುಹೋಗಲ್ಲ, ಈಗಲೇ ಹೇಳಿರ್ತೀನಿ."

"ಮರೀಬೇಡ" ಎಂದಳು ಸೈರನ್. ದನಿ ಸಣ್ಣಗಿತ್ತು. ಹೊಸಿಲಲ್ಲೇ ಕೂತುಬಿಟ್ಟಳು.

ದೊಡ್ಡವಳು ಕೇಳಿದಳು, "ಗುಂಡಿಯಲ್ಲಿ ನೀರು ಎಷ್ಟಿದೆ?"

"ಪೂರ್ತಿ ಇಂಗಿದೆ. ತಳದಲ್ಲಿ ತೂತು. ನನ್ನ ಹೆಬ್ಬೆರಳು ಹೋಗುತ್ತೆ."

"ಸುತ್ತ ಹರಿದಿದೆಯಾ, ಬರೀ ತೂತಾ?"

"ಬರೀ ತೂತು."

"ಹಾಗಾದ್ರೆ ತೇಪೆ ನಿಲ್ಲುತ್ತೆ. ನನ್ನ ಕುರ್ಚಿ ಹೊರಗೆ ಹಾಕು."

ಆ ವಾರ ಅಣ್ಣತಮ್ಮಂದಿರು ಚಪ್ಪಡಿಗಳನ್ನು ತೆಗೆದು ದೂರದ ಗೋಡೆಗೆ ಒರಗಿಸಿದರು. ಕುಸಿದ ದಡಕ್ಕೆ ಮಣ್ಣು ತುಂಬಿ ದಮ್ಮಸು ಹೊಡೆದರು. ತೇಪೆಯ ಕೆಲಸಕ್ಕೆ ಮಾತ್ರ ಅವರನ್ನು ಹತ್ತಿರ ಬಿಡಲಿಲ್ಲ. ದೊಡ್ಡವಳು ಪ್ಲಾಸ್ಟರ್ ಕಾಲನ್ನು ಸ್ಟೂಲಿನ ಮೇಲೆ ಚಾಚಿ ದಡದಲ್ಲಿ ಕೂತು ಹೇಳುತ್ತಿದ್ದಳು. ಸೈರನ್ ತಳದಲ್ಲಿ ಮಂಡಿಯೂರಿ ಮಾಡುತ್ತಿದ್ದಳು. ತೂತಿನ ಸುತ್ತ ಒರೆಸಿ ಒಣಗಿಸಿದಳು, ಮರಳುಕಾಗದದಿಂದ ಉಜ್ಜಿದಳು. ಪಂಕ್ಚರ್ ಹಾಕುವ ಸೊಲ್ಯೂಷನ್ ಹಚ್ಚಿ ತಕ್ಷಣ ಅಂಟಿಸಲು ಹೋದಳು.

"ಆತುರ ಬೇಡ. ಬೆರಳಿಗೆ ಅಂಟಬಾರದು, ಅಷ್ಟು ಒಣಗ್ಲಿ."

"ಎಷ್ಟು ಹೊತ್ತು?"

"ಒಣಗೋವರೆಗೂ. ಗಾಡಿ ಓಡಿಸೋ ಹಾಗಲ್ಲ ಇದು."

"ನಿನ್ನ ಬಾಯಿಗೂ ಒಂದು ತೇಪೆ ಹಾಕ್ಲಾ ಅಕ್ಕ?"

ಕಿಟಕಿಯಲ್ಲಿದ್ದ ಅತ್ತೆ ಟಿವಿಯ ಸದ್ದು ಕಡಿಮೆ ಮಾಡಿದರು. ದೊಡ್ಡವಳು ನಗಲಿಲ್ಲ, ಸಿಟ್ಟೂ ಆಗಲಿಲ್ಲ. "ಮಧ್ಯದಿಂದ ಹೊರಗೆ ಒತ್ತು. ಗಾಳಿ ಉಳಿದ್ರೆ ಮತ್ತೆ ಏಳುತ್ತೆ" ಎಂದಳು. ಸೈರನ್ ತೇಪೆ ಇಟ್ಟು ಎರಡೂ ಅಂಗೈಯಿಂದ, ಮೈಭಾರವೆಲ್ಲ ಹಾಕಿ ಒತ್ತಿದಳು. ದೊಡ್ಡವಳು ಕುರ್ಚಿಯಿಂದ ಮುಂದಕ್ಕೆ ಬಾಗಿ, ಅವಳ ಬೆರಳುಗಳು ಹೋದಲ್ಲೆಲ್ಲ ಕಣ್ಣು ಹಾಯಿಸಿದಳು.

ಮತ್ತೆ ನೀರು ಬಿಟ್ಟ ದಿನ ಮನೆಯವರೆಲ್ಲರೂ ಹಿತ್ತಲಲ್ಲಿದ್ದರು. ಮರುದಿನ ಬೆಳಿಗ್ಗೆ ಸೈರನ್ ಪಾಳಿ ಮುಗಿಸಿ ಬಂದವಳು ಮಹಡಿ ಹತ್ತುವ ಮೊದಲು ದಡದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದಳು. ನೀರು ಅಂಚಿನಿಂದ ಸ್ವಲ್ಪ ಕೆಳಗೆ ನಿಂತಿತ್ತು.

"ಇಳಿದಿದೆಯಾ?" ಒಳಗಿನಿಂದ ದೊಡ್ಡವಳ ದನಿ.

"ಒಂಚೂರು ಇಳಿದಿರೋ ಹಾಗಿದೆ ಅಕ್ಕ."

"ಎಷ್ಟು?"

"ಒಂದು ಬೆರಳು ಇರಬಹುದು. ರಬ್ಬರ್ ಹಿಗ್ಗಿ ಹಾಗಾಗಿರುತ್ತಾ?"

"ಆಗಬಹುದು. ಇಲ್ಲ ಸೋರ್ತಾನೂ ಇರಬಹುದು. ಒಂದು ಗುರುತು ಹಾಕಿಡು, ಸಂಜೆ ನೋಡೋಣ."

ಸೈರನ್ ಜೇಬಿನಿಂದ ಪೆನ್ನು ತೆಗೆದು, ಬಗ್ಗಿ, ನೀರು ಮುಟ್ಟಿದ ಜಾಗದಲ್ಲಿ ರಬ್ಬರಿನ ಮೇಲೆ ಗೆರೆ ಎಳೆದಳು. ಕಪ್ಪಿನ ಮೇಲೆ ಅದು ಕಾಣಲಿಲ್ಲ. ಸುತ್ತ ನೋಡಿ, ಒಣಗಿದ ಬಿಳಿ ಸುಣ್ಣದ ಹರಳೊಂದನ್ನು ಹೆಕ್ಕಿಕೊಂಡು ಮತ್ತೆ ಎಳೆದಳು. ಈ ಸಲ ಕಂಡಿತು. ಕೈ ಕೊಡವಿಕೊಂಡು ಎದ್ದು, ಆಕಳಿಸುತ್ತಾ ಮೆಟ್ಟಿಲು ಹತ್ತಿ ಮಲಗಲು ಹೋದಳು.